ಡೇರಿಯ ಕ್ಯಾನು, ಆಸ್ಪತ್ರೆಯ ಬಿಲ್ಲು

ಎಲ್ಲರಿಗೂ ಚಿಕಿತ್ಸೆ ಸಿಗಬೇಕು ಎಂದರೆ ಊರಿಗೆ ಊರೇ ತಲೆಯಾಡಿಸುತ್ತದೆ. ಜಗಳ ಹುಟ್ಟುವುದು ದುಡ್ಡು ಯಾರದು ಎಂದು ಕೇಳಿದಾಗ. ತಿಂಗಳಿಗೆ ಐದು ರೂಪಾಯಿಯ ಯಶಸ್ವಿನಿಯಿಂದ ವರ್ಷಕ್ಕೆ ಐದು ಲಕ್ಷದ ಆಯುಷ್ಮಾನ್‌ವರೆಗೆ, ಕರ್ನಾಟಕ ಈ ಜಗಳವನ್ನು ಎರಡು ದಶಕಗಳಿಂದ ಆಡುತ್ತಲೇ ಬಂದಿದೆ.

ಬೆಳಗಿನ ಆರು ಗಂಟೆ. ಹಳ್ಳಿಯ ಹಾಲಿನ ಡೇರಿಯ ಮುಂದೆ ಸಾಲು. ಒಬ್ಬಾಕೆ ಸ್ಟೀಲ್ ಡಬ್ಬಿಯಲ್ಲಿ ಎರಡು ಲೀಟರ್ ತಂದಿದ್ದಾಳೆ, ಅವಳ ಹಿಂದೆ ನಿಂತವನ ಬೈಕಿನಲ್ಲಿ ಹನ್ನೆರಡು ಲೀಟರ್ ಇದೆ. ಅಳತೆ ಬೇರೆ, ಫ್ಯಾಟ್ ಬೇರೆ, ಬಟವಾಡೆಯ ದಿನ ಕೈಗೆ ಬರುವ ದುಡ್ಡೂ ಬೇರೆ. ಆದರೆ ಹಾಲು ಹೋಗಿ ಬೀಳುವುದು ಒಂದೇ ಕ್ಯಾನಿಗೆ. ಬಿದ್ದ ಮೇಲೆ ಇದು ಯಾರ ಹಸುವಿನದು ಎಂದು ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ.

2003ರ ಜೂನ್‌ನಲ್ಲಿ ಇಂಥ ಡೇರಿಗಳ ಮತ್ತು ವ್ಯವಸಾಯ ಸೇವಾ ಸಹಕಾರ ಸಂಘಗಳ ಪುಸ್ತಕಗಳಲ್ಲಿ ಹೊಸದೊಂದು ಕಾಲಂ ಸೇರಿತು. ಅದರ ಹೆಸರು ಯಶಸ್ವಿನಿ. ಹೃದ್ರೋಗತಜ್ಞ ಡಾ. ದೇವಿ ಶೆಟ್ಟಿ ಅವರ ಯೋಚನೆಯನ್ನು ರಾಜ್ಯದ ಸಹಕಾರ ಇಲಾಖೆ ಕೈಗೆತ್ತಿಕೊಂಡಿತ್ತು. ತಿಂಗಳಿಗೆ ತಲಾ ಐದು ರೂಪಾಯಿ, ವರ್ಷಕ್ಕೆ 60. ಅಷ್ಟು ಕಟ್ಟಿದ ರೈತನಿಗೆ ಶಸ್ತ್ರಚಿಕಿತ್ಸೆ ಬೇಕಾದರೆ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬಹುದು. ಕೌಂಟರಿನಲ್ಲಿ ಡಿಪಾಸಿಟ್ ಕಟ್ಟಬೇಕಿಲ್ಲ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಒಬ್ಬೊಬ್ಬರ 60 ರೂಪಾಯಿ ಒಟ್ಟಾಗಿ 9 ಕೋಟಿ 60 ಲಕ್ಷ ಆಯಿತು. ಒಂದು ಪ್ಲೇಟ್ ಇಡ್ಲಿಯ ದುಡ್ಡಿನಲ್ಲಿ ಹೃದಯದ ಆಪರೇಷನ್ ಎಂದು ಜಗತ್ತಿನ ಆರೋಗ್ಯ ತಜ್ಞರು ಕರ್ನಾಟಕದ ಕಡೆ ಕತ್ತು ಹೊರಳಿಸಿದರು.

ಲೆಕ್ಕ ಸರಳವಾಗಿತ್ತು. 16 ಲಕ್ಷ ಜನರಲ್ಲಿ ಆ ವರ್ಷ ಆಪರೇಷನ್ ಬೇಕಾಗುವವರು ಕೆಲವೇ ಸಾವಿರ ಮಂದಿ. ಯಾರಿಗೆ ಬೇಕಾದೀತು ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಎಲ್ಲರೂ ಕೊಡಲು ಒಪ್ಪುತ್ತಾರೆ.

ಮುಂದೆ ವಂತಿಗೆ 120 ರೂಪಾಯಿಗೆ ಏರಿತು. ಆ ವರ್ಷ ಸದಸ್ಯರ ಸಂಖ್ಯೆ ಕುಸಿಯಿತು. ಇಂಥ ಕಡೆ ಮೊದಲು ಬಿಟ್ಟು ಹೋಗುವವರು ಯಾರು? ಮೈಕೈ ಗಟ್ಟಿ ಇರುವವರು. ‘ನನಗೇನಾಗಿದೆ, ಹೋದ ವರ್ಷದ್ದೂ ದಂಡವಾಯಿತು’ ಎನ್ನುವವರು. ಹರ್ನಿಯಾ ಇರುವವನು, ಗರ್ಭಕೋಶದ ತೊಂದರೆಯವಳು ತಪ್ಪದೆ ಕಟ್ಟುತ್ತಾರೆ. ಕ್ಯಾನಿಗೆ ಹಾಲು ಹಾಕುವವರು ಕಡಿಮೆಯಾಗಿ, ಲೋಟ ಹಿಡಿದವರೇ ಹೆಚ್ಚಾದರೆ ಡೇರಿ ನಡೆಯುವುದು ಹೇಗೆ? ಯಶಸ್ವಿನಿಗೂ ಸರ್ಕಾರದ ಬೊಕ್ಕಸದಿಂದ ವರ್ಷವರ್ಷವೂ ಹಣ ಬೆರೆಸಬೇಕಾಯಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಕರಗಿಸಲಾಯಿತು. ರೈತರು ಬಿಡಲಿಲ್ಲ, 2022ರಲ್ಲಿ ಮತ್ತೆ ಬಂತು. ಈಗ ಗ್ರಾಮೀಣ ಕುಟುಂಬವೊಂದಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ ಐದು ಲಕ್ಷ. ಕೈಯಿಂದ ದುಡ್ಡು ಕಟ್ಟಿ ಪಡೆಯುವ ಯೋಜನೆಯನ್ನೇ ಜನ ಮತ್ತೆ ಕೇಳಿ ಪಡೆದರು ಎಂಬುದನ್ನು ನೆನಪಿನಲ್ಲಿಡಬೇಕು. ನಮ್ಮ ಜನ ಬರೀ ಬಿಟ್ಟಿಗೆ ಬಾಯಿ ಬಿಡುತ್ತಾರೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಈಗ ಯಾರು ಕೊಡುತ್ತಿದ್ದಾರೆ?

ಟಿವಿ ಚರ್ಚೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ: ಎಲ್ಲರಿಗೂ ಚಿಕಿತ್ಸೆ ಕೊಟ್ಟರೆ ಅದರ ಖರ್ಚು ಹೊರುವವರು ಯಾರು? ಈಗ ಯಾರೂ ಹೊರುತ್ತಿಲ್ಲ, ನಾಳೆಯಿಂದ ಹೊಸದಾಗಿ ಯಾರೋ ಹೊರಬೇಕು ಎಂಬ ಧಾಟಿಯ ಪ್ರಶ್ನೆ ಅದು. ನಿಜಕ್ಕೂ ಬಿಲ್ಲು ಇವತ್ತೂ ಪಾವತಿಯಾಗುತ್ತಿದೆ.

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇತ್ತು. 2021-22ರ ಹೊತ್ತಿಗೆ ಶೇ 39.4ಕ್ಕೆ ಇಳಿದಿದೆ ಎನ್ನುತ್ತದೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ. ಒಳ್ಳೆಯ ಇಳಿಕೆ. ಆದರೂ ನೂರರಲ್ಲಿ ನಲವತ್ತು ರೂಪಾಯಿ ಇನ್ನೂ ರೋಗಿಯ ಮನೆಯಿಂದಲೇ ಬರುತ್ತಿದೆ. ಜೇಬು ಎಂದರೆ ಬರೀ ಅಂಗಿಯ ಜೇಬಲ್ಲ. ಕಿವಿಯ ಓಲೆ, ಕೊಟ್ಟಿಗೆಯ ಹಸು, ಕೆರೆ ಕೆಳಗಿನ ಅರ್ಧ ಎಕರೆ, ಶೇಕಡಾ ಮೂರರ ಬಡ್ಡಿಯ ಕೈಸಾಲ ಎಲ್ಲವೂ ಆ ಜೇಬಿನೊಳಗಿವೆ. 2011-12ರ ಅಂಕಿಅಂಶ ಆಧರಿಸಿದ ಒಂದು ಅಧ್ಯಯನದ ಪ್ರಕಾರ ಆ ಒಂದು ವರ್ಷದಲ್ಲಿ ಆಸ್ಪತ್ರೆ, ಔಷಧಿ ಖರ್ಚಿನಿಂದಾಗಿ ಸುಮಾರು 5.5 ಕೋಟಿ ಭಾರತೀಯರು ಬಡತನದ ರೇಖೆಯ ಕೆಳಗೆ ಜಾರಿದರು. ಅವರಲ್ಲಿ 3.8 ಕೋಟಿ ಜನರನ್ನು ಜಾರಿಸಿದ್ದು ಬರೀ ಔಷಧಿಯ ಖರ್ಚು.

ಹಾಗಾಗಿ ‘ಯಾರು ಕೊಡಬೇಕು’ ಎಂಬ ಪ್ರಶ್ನೆಯ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ ಇದೆ: ಯಾವಾಗ ಕೊಡಬೇಕು? ದುಡಿಯುವ ಕೈ ಗಟ್ಟಿ ಇರುವಾಗ ಎಲ್ಲರೂ ಸ್ವಲ್ಪ ಸ್ವಲ್ಪ ಕೊಡುವುದೋ, ಅಥವಾ ಕೂಲಿ ನಿಂತು, ಮೈ ಸೋತು, ಐಸಿಯು ಬಾಗಿಲಲ್ಲಿ ನಿಂತಾಗ ಒಬ್ಬನೇ ಪೂರ್ತಿ ಕೊಡುವುದೋ? ಎರಡನೆಯದು ಸಾಲ ಹುಟ್ಟಿಸುವ ದಾರಿ. ನಾವು ಬಹುಕಾಲ ನಡೆದದ್ದು ಅದೇ ದಾರಿಯಲ್ಲಿ.

ಬಿಸ್ಮಾರ್ಕ್, ಬೆವನ್, ಬ್ಯಾಂಕಾಕ್

ಮೊದಲೇ ಕೊಡುವ ದಾರಿಗಳನ್ನು ಜಗತ್ತು ಹಲವು ಬಗೆಯಲ್ಲಿ ಪ್ರಯತ್ನಿಸಿ ನೋಡಿದೆ. 1883ರಲ್ಲಿ ಜರ್ಮನಿಯ ಬಿಸ್ಮಾರ್ಕ್ ಕಾರ್ಮಿಕರಿಗೆ ಕಡ್ಡಾಯ ಆರೋಗ್ಯ ವಿಮೆ ತಂದ. ವಂತಿಗೆಯ ಮೂರರಲ್ಲಿ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ನಮ್ಮ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ, ಹುಟ್ಟಿದ್ದು ಅದೇ ಬೀಜದಿಂದ. 1948ರ ಕಾಯ್ದೆಯಿಂದ ಬಂದದ್ದು ಅದು. ಇಂದು ತಿಂಗಳಿಗೆ 16,000 ರೂಪಾಯಿ ಪಡೆಯುವ ಪೀಣ್ಯದ ಗಾರ್ಮೆಂಟ್ಸ್ ಕೆಲಸದಾಕೆಯ ಸಂಬಳದಿಂದ 120 ರೂಪಾಯಿ ಹೋಗುತ್ತದೆ, ಕಂಪನಿ 520 ರೂಪಾಯಿ ಸೇರಿಸುತ್ತದೆ. ಬಿಸ್ಮಾರ್ಕನ ತಕ್ಕಡಿ ಇಲ್ಲಿ ಮಾಲೀಕನ ಕಡೆ ವಾಲಿದೆ, ಅದು ಸರಿಯಾದದ್ದೇ. ಆದರೆ ಸಂಬಳ 21,000 ದಾಟಿದರೆ ಈ ನೆರಳು ಸರಿಯುತ್ತದೆ. ಸಂಬಳದ ಚೀಟಿಯೇ ಇಲ್ಲದ ಗಾರೆ ಕೆಲಸದವನಿಗೆ, ಹೊಲದ ಆಳಿಗೆ, ಬೀದಿಬದಿ ಸೊಪ್ಪು ಮಾರುವವಳಿಗೆ ಈ ನೆರಳು ಎಂದೂ ಮುಟ್ಟಿದ್ದಿಲ್ಲ. ದುಡಿಯುವವರಲ್ಲಿ ಅವರೇ ಹೆಚ್ಚು ಇರುವ ದೇಶ ನಮ್ಮದು.

ಎರಡನೆಯ ದಾರಿಯ ಕಥೆ ಶುರುವಾಗುವುದು ವೇಲ್ಸ್‌ನ ಟ್ರೆಡೆಗರ್ ಎಂಬ ಗಣಿ ಊರಿನಲ್ಲಿ. ಅಲ್ಲಿನ ಕಲ್ಲಿದ್ದಲು, ಉಕ್ಕಿನ ಕಾರ್ಮಿಕರು ಸಂಬಳದಿಂದ ಒಂದಿಷ್ಟು ಪೆನ್ನಿಗಳನ್ನು ವೈದ್ಯಕೀಯ ನೆರವು ಸಂಘಕ್ಕೆ ಕೊಟ್ಟು ಊರಿಗೆಲ್ಲ ಡಾಕ್ಟರನ್ನು ಇಟ್ಟುಕೊಂಡಿದ್ದರು. ನಮ್ಮ ಡೇರಿಯ ಯಶಸ್ವಿನಿಗೆ ಅಜ್ಜಿ ಎನ್ನಬಹುದಾದ ಸಂಘ ಅದು. ಅದೇ ಊರಿನ ಗಣಿ ಹುಡುಗ ಅನ್ಯೂರಿನ್ ಬೆವನ್ ಬ್ರಿಟನ್ನಿನ ಆರೋಗ್ಯ ಸಚಿವನಾಗಿ 1948ರ ಜುಲೈ 5ರಂದು ಎನ್‌ಎಚ್‌ಎಸ್ ಎಂಬ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದ. ಹಣ ಬಹುಪಾಲು ತೆರಿಗೆಯದು, ಆಸ್ಪತ್ರೆಯ ಬಾಗಿಲಲ್ಲಿ ಯಾರೂ ಕೈಚಾಚುವಂತಿಲ್ಲ. ಮೂರೇ ವರ್ಷದಲ್ಲಿ ಸರ್ಕಾರ ಹಲ್ಲಿನ ಸೆಟ್ಟಿಗೆ, ಕನ್ನಡಕಕ್ಕೆ ಶುಲ್ಕ ಹಾಕಹೊರಟಾಗ ಬೆವನ್ ಸಚಿವ ಸ್ಥಾನವನ್ನೇ ಬಿಟ್ಟು ಹೊರನಡೆದ. ಇತ್ತೀಚಿನ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಚಿಕಿತ್ಸೆಗಾಗಿ ಕಾಯುವ ಪ್ರಕರಣಗಳ ಪಟ್ಟಿ 70 ಲಕ್ಷ ದಾಟಿದೆ. ತೆರಿಗೆಯಿಂದ ನಡೆಯುವ ಆಸ್ಪತ್ರೆಗೆ ತೆರಿಗೆ ಸಾಲದೆ ಹೋದರೆ ಜನ ದುಡ್ಡಿನ ಬದಲು ಕಾಲವನ್ನು ತೆರಬೇಕಾಗುತ್ತದೆ.

ಅವು ಶ್ರೀಮಂತ ದೇಶಗಳು ಎನ್ನುವವರು ಥಾಯ್ಲೆಂಡ್ ಕಡೆ ನೋಡಬಹುದು. ಅಲ್ಲಿಯೂ ಮೊದಲು ಬಡವರಿಗೊಂದು ಕಾರ್ಡ್ ಇತ್ತು. ನಿಜವಾದ ಬಡವರಲ್ಲಿ ಎಷ್ಟೋ ಮಂದಿಗೆ ಅದು ಸಿಕ್ಕಿರಲಿಲ್ಲ. ಮನಸ್ಸಿದ್ದವರು ಕುಟುಂಬಕ್ಕೆ 500 ಬಾಟ್ ಕೊಟ್ಟು ಕೊಳ್ಳುವ ಇನ್ನೊಂದು ಕಾರ್ಡ್ ಇತ್ತು. ಅದನ್ನು ಕೊಳ್ಳುವವರಲ್ಲಿ ಕಾಯಿಲೆಯವರೇ ಹೆಚ್ಚಾದರು. ಡಾ. ಸಂಗುವನ್ ನಿತ್ಯಾರಂಫೊಂಗ್ ಎಂಬ ಗ್ರಾಮೀಣ ವೈದ್ಯರ ಪಟ್ಟು, 2001ರ ಚುನಾವಣೆಯ ಭರವಸೆ ಎರಡೂ ಸೇರಿ ಈ ಕಾರ್ಡುಗಳನ್ನೆಲ್ಲ ಒಂದೇ ಯೋಜನೆಯಲ್ಲಿ ಕೂಡಿಸಿದವು. ಒಂದು ಭೇಟಿಗೆ 30 ಬಾಟ್, ಉಳಿದದ್ದು ತೆರಿಗೆಯಿಂದ. ಆಸ್ಪತ್ರೆಗೆ ಪ್ರತಿ ಆಪರೇಷನ್ನಿಗೆ ಇಷ್ಟು ಎಂದು ಕೊಡುವ ಬದಲು ಹೊರರೋಗಿ ಸೇವೆಗೆ ಸುತ್ತಲಿನ ಜನರ ತಲೆಯೆಣಿಕೆಯ ಮೇಲೆ ಹಣ ಕೊಟ್ಟರು. ಜನ ಆರೋಗ್ಯವಾಗಿದ್ದರೆ ಆಸ್ಪತ್ರೆಗೆ ಉಳಿತಾಯ! ಇದೆಲ್ಲ ಸಾಧ್ಯವಾದದ್ದು ಜಿಲ್ಲೆ ಜಿಲ್ಲೆಗಳಲ್ಲಿ ಸರ್ಕಾರಿ ಆಸ್ಪತ್ರೆ ಮೊದಲೇ ಎದ್ದು ನಿಂತಿದ್ದರಿಂದ, ಹೊಸ ಡಾಕ್ಟರುಗಳು ಹಳ್ಳಿಯಲ್ಲಿ ಕೆಲಸ ಮಾಡಲೇಬೇಕೆಂಬ ನಿಯಮ 1970ರ ದಶಕದಿಂದಲೇ ಇದ್ದದ್ದರಿಂದ.

‘ಕಾರ್ಡ್ ಇದೆಯಾ?’

ನಮ್ಮಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ ‘ಏನಾಯಿತು?’ ಎಂದಲ್ಲ, ‘ಕಾರ್ಡ್ ಇದೆಯಾ?’

2010ರ ಫೆಬ್ರುವರಿಯಲ್ಲಿ ಆಗಿನ ಗುಲ್ಬರ್ಗ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಆರಂಭವಾಯಿತು. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟ ಗಾಯದಂಥ ಭಾರಿ ಖರ್ಚಿನ ಚಿಕಿತ್ಸೆಗಳು. ಬಿಪಿಎಲ್ ಕಾರ್ಡ್ ಇದ್ದರೆ ಸಾಕು, ವಂತಿಗೆ ಕಟ್ಟಬೇಕಿಲ್ಲ. ಯೋಜನೆ ಉತ್ತರದ ಹಳ್ಳಿಗಳಿಗೆ ಮೊದಲು ತಲುಪಿ ದಕ್ಷಿಣಕ್ಕೆ ಇನ್ನೂ ಬಂದಿರಲಿಲ್ಲ. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೇ? ಗಡಿಯ ಆಚೀಚೆಯ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ ಸಾಯುವವರ ಪ್ರಮಾಣ ಯೋಜನೆ ಇದ್ದ ಕಡೆಯ ಬಡವರಲ್ಲಿ ಶೇ 64ರಷ್ಟು ಕಡಿಮೆ ಇತ್ತು. ದೊಡ್ಡಾಸ್ಪತ್ರೆಗೆ ಸೇರಿದಾಗ ಕೈಯಿಂದ ಬಿಡುತ್ತಿದ್ದ ದುಡ್ಡೂ ಗಣನೀಯವಾಗಿ ಇಳಿದಿತ್ತು. ಬಡವರು ಸಾಯುತ್ತಿದ್ದದ್ದು ಬರೀ ಕಾಯಿಲೆಯಿಂದಲ್ಲ, ಬಿಲ್ಲಿನ ಭಯದಿಂದ ಮನೆಯಲ್ಲೇ ಉಳಿದದ್ದರಿಂದ ಎಂದು ಓದುವವರಿಗೆ ಅನ್ನಿಸದೆ ಇರದು.

2018ರ ಮಾರ್ಚ್‌ನಲ್ಲಿ ಚದುರಿದ್ದ ಯೋಜನೆಗಳನ್ನು ಕೂಡಿಸಿ ಆರೋಗ್ಯ ಕರ್ನಾಟಕ ಬಂತು; ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಬೆಸೆದುಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ಒಂದು ಬಣ್ಣದ ಕಾರ್ಡಿನವನಿಗೆ ಪೂರ್ತಿ ಮಾಫಿ, ಇನ್ನೊಂದರವನಿಗೆ ನೂರಕ್ಕೆ ಎಪ್ಪತ್ತು ಕೈಯಿಂದ. ಈ ಎರಡು ಕಾರ್ಡುಗಳ ನಡುವಿನ ಗೆರೆ ಎಷ್ಟು ಸಣ್ಣದು ಎಂಬುದು 2024ರ ನವೆಂಬರಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಬಿಪಿಎಲ್ ಕಾರ್ಡುಗಳು ರದ್ದಾದ, ಎಪಿಎಲ್ ಆದ ಸುದ್ದಿ ಹರಡಿದಾಗ ಜನ ಅಕ್ಕಿಗಿಂತ ಹೆಚ್ಚು ಹೆದರಿದ್ದು ಆಸ್ಪತ್ರೆಗೆ. ಅಕ್ಕಿ ಹೇಗೋ ಕೊಳ್ಳಬಹುದು, ಆಂಜಿಯೊಪ್ಲಾಸ್ಟಿ ಕೊಳ್ಳುವುದು ಹೇಗೆ?

ಮಧ್ಯಮ ವರ್ಗದವನ ಸಿಟ್ಟಿನಲ್ಲೂ ನ್ಯಾಯವಿದೆ. ಆತ ಮೂರು ಸಲ ಕೊಡುತ್ತಾನೆ: ತೆರಿಗೆಯಾಗಿ ಒಂದು ಸಲ, ಖಾಸಗಿ ವಿಮೆಯ ಪ್ರೀಮಿಯಂ ಆಗಿ ಮತ್ತೊಂದು ಸಲ, ಕ್ಲೇಮ್ ತಿರಸ್ಕೃತವಾದಾಗ ನಗದಾಗಿ ಇನ್ನೊಂದು ಸಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ಹೋಯಿತು. ಸಮಾಧಾನದ ಸಂಗತಿಯೇ. ಆದರೆ ವಯಸ್ಸು ಅರವತ್ತು ದಾಟಿ, ಸಕ್ಕರೆ ಕಾಯಿಲೆ ಸೇರಿದ ಮೇಲೆ ಪ್ರೀಮಿಯಂ ಏರುವ ಮೆಟ್ಟಿಲು ಹಾಗೆಯೇ ಇದೆ.

ಅಡ್ಮಿಟ್ ಆದರೆ ಮಾತ್ರ

ಯೋಜನೆ ಯಾವುದೇ ಇರಲಿ, ಬಹುಪಾಲು ಎಲ್ಲವೂ ರೋಗಿ ಹಾಸಿಗೆ ಹಿಡಿಯುವವರೆಗೆ ಕಾಯುತ್ತವೆ. ಮನೆಯಲ್ಲಿ ಬಿಪಿ, ಶುಗರ್ ಇರುವ ಇಬ್ಬರು ಹಿರಿಯರಿದ್ದಾರೆ ಎಂದುಕೊಳ್ಳಿ. ಮಾತ್ರೆ, ರಕ್ತ ಪರೀಕ್ಷೆ ಸೇರಿ ತಿಂಗಳಿಗೆ ಒಂದೂವರೆ ಸಾವಿರ ಎಂದರೂ ವರ್ಷಕ್ಕೆ 18,000. ಐದು ಲಕ್ಷದ ಕಾರ್ಡ್ ಇದರಲ್ಲಿ ಒಂದು ಪೈಸೆಯನ್ನೂ ಕೊಡುವುದಿಲ್ಲ. ಮಾತ್ರೆ ಬಿಟ್ಟು, ಕಿಡ್ನಿ ಸೋತು, ಡಯಾಲಿಸಿಸ್‌ಗೆ ಬಂದಾಗ ಕಾರ್ಡು ಕೆಲಸ ಮಾಡುತ್ತದೆ. ಮಾಡು ಸೋರುವಾಗ ಹೆಂಚು ಕೊಡದೆ, ಗೋಡೆ ಬಿದ್ದ ಮೇಲೆ ಪರಿಹಾರದ ಚೆಕ್ ಕೊಟ್ಟಂತೆ.

2024ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಮತ್ತು ಅದರ ಬಳಗದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿ 10 ರೂಪಾಯಿಯಿಂದ 20ಕ್ಕೆ ಏರಿದ್ದು ದೊಡ್ಡ ಸುದ್ದಿಯಾಯಿತು. ಆದರೆ ಚೀಟಿಯ ಹಿಂಭಾಗದಲ್ಲಿ ‘ಹೊರಗಡೆ ತಗೊಳ್ಳಿ’ ಎಂದು ಬರೆದುಕೊಡುವ ಔಷಧಿಯ ಬಿಲ್ಲು ಎಲ್ಲಿಯೂ ಸುದ್ದಿಯಾಗುವುದಿಲ್ಲ. ತಮಿಳುನಾಡು ಈ ಗಂಟನ್ನು 1990ರ ದಶಕದಲ್ಲೇ ಬಿಚ್ಚಲು ಹೊರಟಿತು. ಔಷಧಿಗಳನ್ನು ರಾಜ್ಯಕ್ಕೆಲ್ಲ ಒಟ್ಟಿಗೆ ಟೆಂಡರ್ ಕರೆದು ಕೊಳ್ಳಲು ಪ್ರತ್ಯೇಕ ನಿಗಮ ಮಾಡಿ, ಜಿಲ್ಲೆಗಳಲ್ಲಿ ಉಗ್ರಾಣ ಕಟ್ಟಿ, ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ ಕೊಟ್ಟಿತು. ಯಾರ ಹೃದಯವನ್ನೂ ತೆರೆಯದ ಈ ಕೆಲಸಕ್ಕೆ ಉದ್ಘಾಟನೆಯ ಫೋಟೊ ಸಿಗುವುದಿಲ್ಲ. ಆದರೆ ಮನೆಗಳನ್ನು ಸಾಲದಿಂದ ಉಳಿಸುವುದು ಇದೇ.

ಇದನ್ನು ನಮಗೆ ಯಾರೂ ಹೇಳಿರಲಿಲ್ಲ ಎನ್ನುವಂತಿಲ್ಲ. ಸ್ವಾತಂತ್ರ್ಯಕ್ಕೂ ಮೊದಲೇ, 1946ರಲ್ಲಿ ಸರ್ ಜೋಸೆಫ್ ಭೋರ್ ಸಮಿತಿ ವರದಿ ಕೊಟ್ಟಿತ್ತು. ದುಡ್ಡಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದು. ಸೇವೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರುವಾಗಬೇಕು. ಉಳ್ಳವರು ತಮ್ಮ ಪಾಲನ್ನು ಆಸ್ಪತ್ರೆಯ ಕೌಂಟರಿನಲ್ಲಿ ಕೊಡದೆ ತೆರಿಗೆಯ ದಾರಿಯಲ್ಲಿ ಕೊಡಲಿ ಎಂದಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಸರ್ಕಾರಗಳ ಆರೋಗ್ಯ ವೆಚ್ಚ ಜಿಡಿಪಿಯ ಶೇ 2.5 ಆಗಬೇಕು ಎಂದಿತು. ಕೋವಿಡ್‌ನ ಹೆಚ್ಚುವರಿ ಖರ್ಚು ಸೇರಿಯೂ 2021-22ರಲ್ಲಿ ಅದು ಮುಟ್ಟಿದ್ದು ಶೇ 1.84.

ಆಸ್ಪತ್ರೆಯ ಒಳಗಿನಿಂದ

ಮೇಜಿನ ಆಚೆ ಕುಳಿತವರ ಮಾತನ್ನೂ ಕೇಳಬೇಕು. 2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ರಾಜ್ಯದ ಖಾಸಗಿ ವೈದ್ಯರು ಹೊರರೋಗಿ ವಿಭಾಗಗಳನ್ನು ಮುಚ್ಚಿ, ವಿಧಾನಮಂಡಲದ ಅಧಿವೇಶನ ನಡೆಯುತ್ತಿದ್ದ ಬೆಳಗಾವಿಗೆ ಹೊರಟರು. ದರ ನಿಗದಿ, ಜೈಲು ಶಿಕ್ಷೆಯ ಕಲಂಗಳು ಸಡಿಲಗೊಂಡ ಮೇಲೆಯೇ ಮಸೂದೆ ಪಾಸಾಯಿತು. 2023ರಲ್ಲಿ ರಾಜಸ್ಥಾನ ಆರೋಗ್ಯದ ಹಕ್ಕಿನ ಕಾಯ್ದೆ ತಂದಾಗಲೂ ವೈದ್ಯರು ಬೀದಿಗಿಳಿದರು. ಮುಂಗಡ ಕೇಳದೆ ತುರ್ತು ಚಿಕಿತ್ಸೆ ಕೊಡಬೇಕು, ಹಣ ಸರ್ಕಾರ ಕೊಡುತ್ತದೆ ಎಂದಾಗ ಅವರು ಕೇಳಿದ್ದು: ಎಷ್ಟು, ಯಾವಾಗ?

ಅದು ಬರೀ ಲಾಭಕೋರರ ಪ್ರಶ್ನೆಯಲ್ಲ. ತಾಲ್ಲೂಕು ಊರಿನಲ್ಲಿ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ದಂಪತಿ ವೈದ್ಯರಿಗೆ ಯೋಜನೆಯ ಬಾಕಿ ತಿಂಗಳುಗಟ್ಟಲೆ ತಡವಾದರೆ ನರ್ಸುಗಳ ಸಂಬಳ ಎಲ್ಲಿಂದ? ಪ್ಯಾಕೇಜ್ ದರ ವಾಸ್ತವಕ್ಕಿಂತ ಕಡಿಮೆ ಇದ್ದರೆ ಆಸ್ಪತ್ರೆ ಎರಡರಲ್ಲಿ ಒಂದು ಮಾಡುತ್ತದೆ: ‘ಬೆಡ್ ಇಲ್ಲ’ ಎನ್ನುತ್ತದೆ, ಅಥವಾ ಬೇಡದ ಆಪರೇಷನ್ ಮಾಡಿ ಸರಿದೂಗಿಸುತ್ತದೆ. ಎರಡರ ಬೆಲೆಯನ್ನೂ ರೋಗಿಯೇ ತೆರುತ್ತಾನೆ. ಸರ್ಕಾರಿ ಆಸ್ಪತ್ರೆ ಪಕ್ಕದಲ್ಲಿ ಗಟ್ಟಿಯಾಗಿ ನಿಂತಿದ್ದರೆ ಮಾತ್ರ ಈ ಚೌಕಾಸಿಯಲ್ಲಿ ಸರ್ಕಾರದ ಮಾತಿಗೆ ತೂಕ.

ಗಟ್ಟಿಯಾಗಿ ನಿಲ್ಲಬಹುದು ಎಂಬುದಕ್ಕೆ ಉದಾಹರಣೆಯೂ ನಮ್ಮಲ್ಲೇ ಇದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದು, ಆಡಳಿತ ಸ್ವಾಯತ್ತ. ಕಾರ್ಡಿನವರೂ ಹಣ ಕೊಡುವವರೂ ಅಲ್ಲಿಗೆ ಬರುತ್ತಾರೆ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದಾಗ ಚಿಕಿತ್ಸೆ ಮೊದಲು, ಹಣ ಆಮೇಲೆ ಎಂಬ ರೂಢಿಗೆ ಅದು ಹೆಸರಾಯಿತು. ಸಂಸ್ಥೆ ಮುಳುಗಲಿಲ್ಲ, ಮೈಸೂರಿಗೂ ಕಲಬುರಗಿಗೂ ಬೆಳೆಯಿತು.

ಮತ್ತೆ ಕ್ಯಾನಿನ ಹತ್ತಿರ

ಹಾಗಾದರೆ ಯಾರು ಕೊಡಬೇಕು? ಎಲ್ಲರೂ, ಕೈಲಾದಷ್ಟು, ಕಾಯಿಲೆ ಬರುವ ಮೊದಲು. ಇದರ ಬೆನ್ನೆಲುಬು ತೆರಿಗೆಯೇ ಆಗಬೇಕು. ಬಡವರು ತೆರಿಗೆ ಕೊಡುವುದಿಲ್ಲ ಎಂಬುದು ಆದಾಯ ತೆರಿಗೆ ಕಟ್ಟುವವರ ಭ್ರಮೆ. ಸೋಪಿಗೂ, ಪೆಟ್ರೋಲಿಗೂ, ಸಂಜೆಯ ಕ್ವಾರ್ಟರಿಗೂ ಕೂಲಿಯವನು ಕೊಟ್ಟೇ ಕೊಡುತ್ತಾನೆ. ಲಿವರ್ ಕೆಟ್ಟು ಬಂದವನು ತನ್ನ ಚಿಕಿತ್ಸೆಯ ಹಣವನ್ನು ಅಬಕಾರಿ ಇಲಾಖೆಯಲ್ಲಿ ಮೊದಲೇ ಕಂತಿನಲ್ಲಿ ಕಟ್ಟಿರುತ್ತಾನೆ. ಹಾಗಾಗಿ ‘ಉಚಿತ ಚಿಕಿತ್ಸೆ’ ಎಂಬ ಮಾತನ್ನೇ ಕೈಬಿಡಬೇಕು. ಅದು ಕೊಡುವವರಿಗೆ ಸೊಕ್ಕನ್ನೂ ಪಡೆಯುವವರಿಗೆ ಸಂಕೋಚವನ್ನೂ ಕಲಿಸಿದೆ.

ತೆರಿಗೆಯ ಜೊತೆಗೆ ಶಕ್ತಿಗೆ ತಕ್ಕ ವಂತಿಗೆಯೂ ಇರಲಿ. ರಾಜ್ಯ ಸರ್ಕಾರಿ ನೌಕರರ ಆರೋಗ್ಯ ಸಂಜೀವಿನಿಯಲ್ಲಿ ಡಿ ದರ್ಜೆಯವರು ತಿಂಗಳಿಗೆ 250 ರೂಪಾಯಿ ಕೊಟ್ಟರೆ ಎ ದರ್ಜೆಯವರು ಸಾವಿರ ಕೊಡುತ್ತಾರೆ. ಚಿಕಿತ್ಸೆಯ ಹಕ್ಕು ಇಬ್ಬರಿಗೂ ಇದೆ. ಫ್ಯಾಟ್ ನೋಡಿ ಲೆಕ್ಕ ಬರೆಯುವ ಡೇರಿಯ ನ್ಯಾಯವೇ ಅದು. ಅದನ್ನು ವಿಧಾನಸೌಧದ ಕಾಂಪೌಂಡಿನಾಚೆಗೂ ತರಬಹುದು. ಹಾಗೆ ಕೂಡಿದ ಹಣದ ಮೊದಲ ಪಾಲು ಹೋಗಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿ ಕಪಾಟಿಗೆ. ಕಾರ್ಡಿನ ಬಣ್ಣ ನೋಡುವುದು ನಿಂತಾಗಲೇ ಮಧ್ಯಮ ವರ್ಗವೂ ಅದೇ ಸಾಲಿಗೆ ಬರುತ್ತದೆ. ಅವರು ಬಂದರೆ ಫ್ಯಾನ್ ತಿರುಗದ್ದನ್ನು, ಡಾಕ್ಟರ್ ಬಾರದ್ದನ್ನು ಕೇಳುವ ಜೋರು ದನಿಯೂ ಬರುತ್ತದೆ.

ಡೇರಿಯಲ್ಲಿ ಹಸು ಬತ್ತಿದ ತಿಂಗಳು ಸದಸ್ಯೆಯ ಪುಸ್ತಕ ಖಾಲಿ ಇರುತ್ತದೆ. ಹಾಗೆಂದು ಅವಳ ಹೆಸರಿನ ಮೇಲೆ ಯಾರೂ ಗೀಟು ಎಳೆಯುವುದಿಲ್ಲ. ಹನ್ನೆರಡು ಲೀಟರಿನವನಿಗೂ ಗೊತ್ತು, ತನ್ನ ಹಸುವೂ ಒಂದು ದಿನ ಬತ್ತುತ್ತದೆ. ಸಾಲಿನಲ್ಲಿ ಅವಳ ಹಿಂದೆಯೇ ಅವನು ನಿಂತಿರುತ್ತಾನೆ.